ಕೊಸರು

ಗಾಂಧಿ ಬಜಾರಿನಲ್ಲಿ ಹೂ ಕೊಳ್ಳುವುದಕ್ಕೆ ನಮ್ಮಮ್ಮನಿಗೆ ಅವಳದೇ ಒಂದು ಲೆಕ್ಕಾಚಾರ ಇತ್ತು. ಫುಟ್‌ಪಾತಿನ ಮೇಲೆ ಆರೇಳು ಜನ ಬುಟ್ಟಿ ಇಟ್ಟುಕೊಂಡು ಸಾಲಾಗಿ ಕೂತಿದ್ದರೂ ಅಷ್ಟೂ ಜನರನ್ನು ದಾಟಿ, ಕೊನೆಯಲ್ಲಿದ್ದ ಎತ್ತರದ ಹೆಂಗಸಿನ ಮುಂದೆಯೇ ಹೋಗಿ ನಿಲ್ಲುತ್ತಿದ್ದಳು. ಹೂವು ಎಲ್ಲರದೂ ಒಂದೇ ಮಾರ್ಕೆಟ್ಟಿನದು, ದರವೂ ಒಂದೇ. ಆದರೆ ಮೊಳ ಅಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ತಾನೇ? ಯಾರ ಮೊಣಕೈ ಅಂತ ಯಾವ ಕಾನೂನೂ ಹೇಳಿಲ್ಲ. ಮಾರುವವರ ಕೈ ಉದ್ದ ಇದ್ದಷ್ಟೂ ಕೊಳ್ಳುವವರಿಗೆ ಲಾಭ.

ಅಷ್ಟು ಸಾಲದು ಅಂತ ಅಳೆಯುವಾಗ ಅಮ್ಮನ ಕಣ್ಣು ಆಕೆಯ ಮಣಿಕಟ್ಟಿನ ಮೇಲೇ ಇರುತ್ತಿತ್ತು. ಮಣಿಕಟ್ಟು ಚೂರು ಒಳಕ್ಕೆ ಬಗ್ಗಿದರೆ ಎರಡು ಬೆರಳು ಮಲ್ಲಿಗೆ ಹೋಯಿತು ಅಂತಲೇ ಅರ್ಥ. ಆಕೆಗೂ ಇದು ಗೊತ್ತು. ಕೈಯನ್ನು ಬೇಕಂತಲೇ ನೆಟ್ಟಗೆ ಚಾಚಿ, ಮೊಣಕೈ ಹತ್ತಿರ ದಾರವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, "ನೋಡ್ಕಳಿ ಅಕ್ಕಾ" ಅಂತ ತೋರಿಸಿ ಎರಡು ಮೊಳ ಹಾಕುತ್ತಿದ್ದಳು. ಇನ್ನೇನು ಕತ್ತರಿಸಬೇಕು ಅನ್ನುವಾಗ ಅಮ್ಮ, "ಕೊಸರು?" ಅನ್ನುವಳು. ಆಕೆ "ಅಯ್ಯೋ, ನಂಗೇನುಳೀತದೆ ಅಕ್ಕಾ" ಅಂತ ಗೊಣಗಿಕೊಂಡೇ ದಾರವನ್ನು ಇನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದು ಅಲ್ಲಿ ಕತ್ತರಿಸುವಳು. ಈ ಸಂಭಾಷಣೆ ನನಗೆ ಗೊತ್ತಿದ್ದಂತೆ ಹದಿನೈದು ವರ್ಷ ನಡೆಯಿತು. ಅಮ್ಮ ಕೇಳದೆ ಬಂದ ದಿನವೂ ಇಲ್ಲ, ಆಕೆ ಗೊಣಗದೆ ಕೊಟ್ಟ ದಿನವೂ ಇಲ್ಲ.

ಇದೆಲ್ಲ ನೆನಪಾದದ್ದು ಮೊನ್ನೆ ಒಂದು ಅಂಗಡಿಯಲ್ಲಿ ಕಾಲು ಕೇಜಿ ಗೋಡಂಬಿ ಕೇಳಿದಾಗ. ಎಲೆಕ್ಟ್ರಾನಿಕ್ ತಕ್ಕಡಿ 254 ತೋರಿಸಿತು. ಹುಡುಗ ಒಂದು ಗೋಡಂಬಿ ತೆಗೆದ, 252. ಇನ್ನೊಂದು ತೆಗೆದ, 251. ಮತ್ತೊಂದನ್ನು ಎತ್ತಿ, 249 ಆದದ್ದು ನೋಡಿ, ವಾಪಸ್ ಹಾಕಿ, ಡಬ್ಬದಲ್ಲಿ ಅರ್ಧ ಹೋಳಾದ ಗೋಡಂಬಿಯೊಂದನ್ನು ಹುಡುಕಿ ಅದಲುಬದಲು ಮಾಡಿದ. 250. ನನ್ನ ಮುಖ ನೋಡಿ ಹೆಮ್ಮೆಯಿಂದ ನಕ್ಕ. ನನಗೆ ಒಂದು ಗ್ರಾಮೂ ಮೋಸ ಆಗಲಿಲ್ಲ. ಆದರೂ ಯಾರೋ ನನ್ನ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗನಿಸಿತು. ಅದೇ ಹುಡುಗ 246ರಿಂದ ಶುರುಮಾಡಿ, ಒಂದೊಂದೇ ಹಾಕುತ್ತಾ 250ಕ್ಕೆ ಬಂದಿದ್ದರೆ ಖುಷಿಯಾಗಿ ಬರುತ್ತಿದ್ದೆ. ಚೀಲದಲ್ಲಿ ಅಷ್ಟೇ ಗೋಡಂಬಿ ಇರುತ್ತಿತ್ತು.

ಕೊಸರು ಚೌಕಾಸಿಯಲ್ಲ. ಚೌಕಾಸಿಯಲ್ಲಿ ಬೆಲೆ ಜಾರುತ್ತೆ, ಒಬ್ಬರು ಗೆದ್ದು ಒಬ್ಬರು ಸೋಲುತ್ತಾರೆ. ಕೊಸರಿನಲ್ಲಿ ಬೆಲೆ ಇದ್ದಲ್ಲೇ ಇರುತ್ತೆ, ಅಳತೆಯೂ ಸರಿಯಾಗಿಯೇ ಇರುತ್ತೆ. ಅದೆಲ್ಲ ಮುಗಿದ ಮೇಲೆ ಬೀಳುವ ಒಂದು ಚೂರು ಅದು. ದಾನ ಅನ್ನೋಣವೆಂದರೆ ಕೊಳ್ಳುವವರು ಹಕ್ಕಿನಿಂದ ಕೇಳುತ್ತಾರೆ. ಹಕ್ಕು ಅನ್ನೋಣವೆಂದರೆ ಕೊಡದಿದ್ದರೆ ಯಾವ ಸ್ಟೇಷನ್ನಿಗೂ ಹೋಗಿ ದೂರು ಕೊಡುವ ಹಾಗಿಲ್ಲ.

ತುಮಕೂರು ಕಡೆಯ ಊರಲ್ಲಿ ನಮ್ಮಜ್ಜಿಯ ಹತ್ತಿರ ಒಂದು ಕಬ್ಬಿಣದ ಸೇರಿತ್ತು. ಸೇರು ಬಿಟ್ಟು ಲೀಟರು, ಕೇಜಿ ಬಳಸಿ ಅನ್ನುವ ತೂಕ ಮತ್ತು ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ. ಅಜ್ಜಿಯ ಪಡಸಾಲೆಗೆ ಆ ಸುದ್ದಿ ಎಂಬತ್ತರ ದಶಕದವರೆಗೂ ತಲುಪಿರಲಿಲ್ಲ. ಕೆಲಸದವರಿಗೆ ರಾಗಿ ಅಳೆದು ಕೊಡುವಾಗ ಸೇರಿನ ಬಾಯಿಯ ಮೇಲೆ ಗೋಪುರ ಏಳುತ್ತಿತ್ತು. ಅಜ್ಜಿ ಸುರಿಯುತ್ತಲೇ ಇರುವಳು, ರಾಗಿ ಸುತ್ತಲೂ ಜಾರಿ ಮೊರಕ್ಕೆ ಬೀಳಲು ಶುರುವಾದ ಮೇಲೇ ನಿಲ್ಲಿಸುವಳು. ಪಕ್ಕದ ಮನೆಯವರು ಕಡ ಒಯ್ದದ್ದನ್ನು ವಾಪಸ್ ತಂದಾಗ ಮಾತ್ರ ಬಾಯಿಯ ಮಟ್ಟಕ್ಕೆ ಅಂಗೈ ಎಳೆದು, "ಸಾಕು ಬಿಡವ್ವ" ಅನ್ನುವಳು. ಕೊಡುವುದು ತಲೆಗಟ್ಟಿ, ತೆಗೆದುಕೊಳ್ಳುವುದು ಮಟ್ಟ. ಅಜ್ಜನಿಗೆ ಇದನ್ನು ನೋಡಿದರೆ ಹೊಟ್ಟೆ ಉರಿ. "ನಿಮ್ಮಜ್ಜಿ ಕೈಲಿ ಕುಬೇರನ ಕಣಜ ಕೊಟ್ರೂ ಸಂಕ್ರಾಂತಿವರೆಗೆ ಬರಲ್ಲ" ಅಂತಿದ್ದ.

ಆ ಗೋಪುರದಲ್ಲಿ ಎಷ್ಟು ರಾಗಿ ಇರುತ್ತಿತ್ತು? ಕಾಳನ್ನು ಎಷ್ಟು ಸುರಿದರೂ ಅದರ ರಾಶಿ ಒಂದು ಇಳಿಜಾರಿಗಿಂತ ಕಡಿದಾಗಿ ನಿಲ್ಲುವುದಿಲ್ಲ; ಹೆಚ್ಚಾದದ್ದು ಉರುಳಿಹೋಗುತ್ತೆ. ಭೌತವಿಜ್ಞಾನದವರು ಇದನ್ನು ವಿಶ್ರಾಂತಿ ಕೋನ ಅನ್ನುತ್ತಾರೆ. ನಮ್ಮ ರಾಗಿಗೆ 30 ಡಿಗ್ರಿ ಅಂತ ಇಟ್ಟುಕೊಂಡು ಶಾಲೆಯ ಶಂಕುವಿನ ಸೂತ್ರ ಹಾಕಿ ನೋಡಿದೆ. ಅಗಲದಷ್ಟೇ ಎತ್ತರ ಇರುವ ಅಳತೆಪಾತ್ರೆಯಾದರೆ ಮೇಲಿನ ಗೋಪುರ ಒಳಗಿರುವುದರ ಸುಮಾರು ಹತ್ತನೇ ಒಂದು ಭಾಗ. ಅಷ್ಟೇ ಹಿಡಿಸುವ, ಆದರೆ ಅಗಲ ಎತ್ತರದ ಎರಡರಷ್ಟಿರುವ ಪಾತ್ರೆಯಾದರೆ ಹತ್ತಿರ ಹತ್ತಿರ ಐದನೇ ಒಂದು ಭಾಗ! ಅಂದರೆ ಬಾಯಿ ಅಗಲ ಮಾಡಿದರೆ ಸಾಕು, ಅಳತೆಯನ್ನು ಮುಟ್ಟದೆಯೇ ಕೊಸರು ಎರಡರಷ್ಟಾಗುತ್ತೆ. ಇದರ ಜೊತೆಗೆ ಸುರಿಯುವ ಎತ್ತರದ ಲೆಕ್ಕವೂ ಇದೆ: ಎತ್ತರದಿಂದ ಬಿದ್ದ ಕಾಳು ಒತ್ತಾಗಿ ಕೂರುತ್ತೆ, ಮೆಲ್ಲಗೆ ಸುರಿದದ್ದು ಸಡಿಲವಾಗಿ.

ಅಜ್ಜಿಯ ಕೈಲಿದ್ದಾಗ ಔದಾರ್ಯವಾಗಿದ್ದ ಈ ಲೆಕ್ಕ ಜಮೀನ್ದಾರನ ಕೈಗೆ ಹೋದರೆ ಏನಾಗುತ್ತೆ ಅನ್ನುವುದಕ್ಕೆ ಯೂರೋಪಿನ ಚರಿತ್ರೆಯೇ ಸಾಕ್ಷಿ. ಅಲ್ಲಿನ ಒಡೆಯರು ಗೇಣಿಯನ್ನು ಗೋಪುರ ಕಟ್ಟಿ ವಸೂಲಿ ಮಾಡುತ್ತಿದ್ದರು, ಕೊಡಬೇಕಾದಾಗ ಕೋಲು ಎಳೆದು ಮಟ್ಟ ಮಾಡುತ್ತಿದ್ದರು. 1789ರಲ್ಲಿ ಫ್ರಾನ್ಸಿನ ರಾಜ ಜನರ ಅಹವಾಲು ಕೇಳಿದಾಗ ಹಳ್ಳಿ ಹಳ್ಳಿಗಳಿಂದ ಬಂದ ಪಟ್ಟಿಗಳಲ್ಲಿ ಮತ್ತೆ ಮತ್ತೆ ಇದ್ದ ಬೇಡಿಕೆ: ಇಡೀ ದೇಶಕ್ಕೆ ಒಂದೇ ತೂಕ, ಒಂದೇ ಅಳತೆ ಮಾಡಿಕೊಡಿ. ಕ್ರಾಂತಿ ಅಂದ ತಕ್ಷಣ ನಮಗೆ ತಲೆ ಕಡಿಯುವ ಗಿಲೊಟಿನ್ ಕಾಣುತ್ತೆ. ರೈತನಿಗೆ ಕಾಣುತ್ತಿದ್ದದ್ದು ಒಡೆಯನ ಕಣಜದ ಕೊಳಗ.

ಅದಕ್ಕೆ ಸಿಕ್ಕ ಉತ್ತರವೇ ಮೀಟರು. ಯಾವ ರಾಜನ ಕೈಕಾಲೂ ಬೇಡ, ಭೂಮಿಯನ್ನೇ ಅಳೆಯೋಣ. ಉತ್ತರ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದಲ್ಲಿ ಒಂದು ಕೋಟಿಯ ಒಂದು ಪಾಲು ಒಂದು ಮೀಟರ್ ಆಗಲಿ ಅಂದರು. 1792ರಲ್ಲಿ ದೆಲಾಂಬ್ರ್ ಮತ್ತು ಮೆಷೆನ್ ಎಂಬ ಇಬ್ಬರು ಖಗೋಳಜ್ಞರು ಡನ್‌ಕರ್ಕಿನಿಂದ ಬಾರ್ಸಿಲೋನಾವರೆಗೆ ಅಳೆಯಲು ಹೊರಟರು. ಒಂದು ವರ್ಷದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಆರೇಳು ವರ್ಷ ಹಿಡಿಯಿತು. ಇಬ್ಬರಲ್ಲಿ ಮೆಷೆನ್ನನ ಮೇಲೆ ನನಗೆ ವಿಶೇಷ ಮಮತೆ. ಬಾರ್ಸಿಲೋನಾದಲ್ಲಿ ಅವನು ತೆಗೆದ ಎರಡು ಅಕ್ಷಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಮೂರು ಸೆಕೆಂಡಿನಷ್ಟು, ಅಂದರೆ ಒಂದು ಡಿಗ್ರಿಯ ಸಾವಿರ ಭಾಗದಲ್ಲಿ ಒಂದಕ್ಕಿಂತ ಕಡಿಮೆ ವ್ಯತ್ಯಾಸ. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಲೆಕ್ಕದ ಪುಸ್ತಕವನ್ನು ಹತ್ತಿರವೇ ಇಟ್ಟುಕೊಂಡು ವರ್ಷಗಟ್ಟಲೆ ಕೊರಗಿದ. ಸರಿಮಾಡಿಕೊಳ್ಳಲು ಮತ್ತೆ ಸ್ಪೇನಿಗೆ ಹೋದವನು 1804ರಲ್ಲಿ ಅಲ್ಲೇ ಹಳದಿ ಜ್ವರ ಬಂದು ಸತ್ತ. ಆಮೇಲೆ ಕಾಗದ ಪತ್ರ ತೆಗೆದು ನೋಡಿದಾಗಲೇ ದೆಲಾಂಬ್ರನಿಗೆ ವಿಷಯ ತಿಳಿದದ್ದು. ಆಫೀಸಿನಲ್ಲಿ ಎಕ್ಸೆಲ್ ಹಾಳೆಯ ಒಂದು ಸಾಲು ತಾಳೆಯಾಗದೆ, ಅದನ್ನು ಮುಚ್ಚಿಟ್ಟು ವಾರವಿಡೀ ನಿದ್ದೆಗೆಟ್ಟ ಯಾರಿಗಾದರೂ ಮೆಷೆನ್ ಅರ್ಥವಾಗುತ್ತಾನೆ.

ಇಷ್ಟೆಲ್ಲ ಮಾಡಿಯೂ, ಭೂಮಿ ಧ್ರುವದ ಬಳಿ ಎಷ್ಟು ಚಪ್ಪಟೆ ಅನ್ನುವ ಅಂದಾಜು ತಪ್ಪಿ, ಮೀಟರು ತಾನು ಇರಬೇಕಾದಷ್ಟು ಉದ್ದ ಬರಲಿಲ್ಲ. ಸುಮಾರು 0.2 ಮಿಲಿಮೀಟರ್ ಕಮ್ಮಿ. ಜಗತ್ತಿಗೇ ಅಳತೆ ಹಂಚಿದ ಫ್ರೆಂಚರು ಕೊಸರು ಹಾಕುವುದು ಹಾಗಿರಲಿ, ಎರಡು ಕೂದಲೆಳೆ ಕಡಿಮೆಯೇ ಕೊಟ್ಟರು.

ನಮ್ಮೂರಿಗೂ ಈ ನಿಖರತೆಯ ಹುಚ್ಚು ಬಂದು ಹೋಗಿದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ದಕ್ಷಿಣ ಭಾರತವನ್ನು ಅಳೆಯಲು ಹೊರಟ ಇಂಗ್ಲಿಷ್ ಸೈನ್ಯಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಏಳು ಮೈಲಿಗೂ ಉದ್ದದ ಒಂದು ಗೆರೆಯನ್ನು ಅಳೆದ. ಅವನ ಉಕ್ಕಿನ ಸರಪಳಿಗೇ ಒಂದು ಕತೆಯಿದೆ. ನೂರು ಅಡಿ ಉದ್ದ, 40 ಕೊಂಡಿ. ಚೀನಾದ ಚಕ್ರವರ್ತಿಗೆ ಉಡುಗೊರೆಯೆಂದು ಇಂಗ್ಲಿಷ್ ರಾಯಭಾರಿ ಒಯ್ದದ್ದರಲ್ಲಿ ಇದೂ ಒಂದು, ಅಲ್ಲಿ ಬೇಡವೆನ್ನಿಸಿಕೊಂಡು ಸುತ್ತಿ ಬಳಸಿ ಇಲ್ಲಿಗೆ ಬಂತು. ಬಿಸಿಲಿಗೆ ಉಕ್ಕು ಹಿಗ್ಗುತ್ತದಲ್ಲ, ಅದೇ ದೊಡ್ಡ ತಲೆನೋವು. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಸರಪಳಿ ಮೂರೂವರೆ ಮಿಲಿಮೀಟರ್ ಉದ್ದವಾಗುತ್ತೆ. ಏಳು ಮೈಲಿಗೆ ಸುಮಾರು ನಾನೂರು ಸಲ ಹಾಸಬೇಕು. ಲೆಕ್ಕ ತಪ್ಪಿದರೆ ಕೊನೆಗೆ ಒಂದೂಕಾಲು ಮೀಟರಿಗೂ ಹೆಚ್ಚು ವ್ಯತ್ಯಾಸ. ಹಾಗಾಗಿ ಅಳೆದಷ್ಟೂ ಹೊತ್ತು ಥರ್ಮಾಮೀಟರ್ ನೋಡಿ ಬರೆದುಕೊಂಡು ಆಮೇಲೆ ತಿದ್ದುವುದು ಅವನ ಪದ್ಧತಿ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಅಷ್ಟೇ ಉದ್ದದ ಇನ್ನೊಂದು ಗೆರೆ ಹಾಸಿ, ಮದ್ರಾಸಿನಿಂದ ತ್ರಿಕೋನಗಳಲ್ಲಿ ಲೆಕ್ಕ ಹಾಕಿಕೊಂಡು ಬಂದ ಉದ್ದದ ಜೊತೆ ಹೋಲಿಸಿದಾಗ ಕಂಡ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ಏಳು ಮೈಲಿಗೆ ನಾಲ್ಕು ಬೆರಳು ಅನ್ನಿ. ಗಾಂಧಿ ಬಜಾರಿನಲ್ಲಾದರೆ ಎರಡು ಮೊಳಕ್ಕೆ ಅಷ್ಟು ಸಿಗುತ್ತೆ.

ತೂಕದ ಕತೆ ಇನ್ನೂ ಸ್ವಾರಸ್ಯ. 1889ರಿಂದ ಇಡೀ ಲೋಕಕ್ಕೆ ಒಂದು ಕೇಜಿ ಅಂದರೆ ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ ಗಾಜಿನ ಗಂಟೆಗಳ ಕೆಳಗೆ ಇಟ್ಟಿದ್ದ ಪ್ಲಾಟಿನಂ-ಇರಿಡಿಯಂ ಉರುಳೆ. ಅದರ ನಕಲುಗಳು ದೇಶದೇಶಗಳಿಗೆ ಹೋದವು. ನಮ್ಮದು 57ನೇ ನಂಬರಿನದು, ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. ನೂರು ವರ್ಷದ ಮೇಲೆ ಹೋಲಿಸಿ ನೋಡಿದರೆ ಮೂಲಕ್ಕೂ ನಕಲುಗಳಿಗೂ ಸರಾಸರಿ 50 ಮೈಕ್ರೋಗ್ರಾಮಿನಷ್ಟು ಅಂತರ. ಬೆರಳಚ್ಚು ಬಿದ್ದರೆ ಅಂಟುವ ಜಿಡ್ಡಿನಷ್ಟು. ಮೂಲ ಸವೆಯಿತೋ, ನಕಲುಗಳು ದಪ್ಪಗಾದವೋ ಹೇಳುವ ಹಾಗಿಲ್ಲ, ಯಾಕೆಂದರೆ ಕೇಜಿ ಅಂದರೆ ಆ ಮೂಲವೇ. 2019ರ ಮೇ 20ರಿಂದ ಆ ಉರುಳೆಗೆ ನಿವೃತ್ತಿ ಕೊಟ್ಟು, ಪ್ಲಾಂಕ್ ಸ್ಥಿರಾಂಕ ಎಂಬ ಸಂಖ್ಯೆಗೆ ಕೇಜಿಯನ್ನು ಗಂಟುಹಾಕಿದರು. ಈಗ ಕೇಜಿ ಸವೆಯುವುದೂ ಇಲ್ಲ, ಉಬ್ಬುವುದೂ ಇಲ್ಲ. ಗೋಡಂಬಿ ಹುಡುಗನ ಆರಾಧ್ಯ ದೈವ.

ಎರಡು ಶತಮಾನ ಒಳ್ಳೊಳ್ಳೆಯ ತಲೆಗಳೆಲ್ಲ ಸೇರಿ ಅಳತೆಯಿಂದ ಆ ಚೂರನ್ನು ಕಿತ್ತುಹಾಕಲು ಹೆಣಗಿದವು. ಅದು ಬೇಕೇ ಬೇಕಿತ್ತು. ಇವತ್ತು ಯಾವ ಪೆಟ್ರೋಲ್ ಬಂಕಿನಲ್ಲಾದರೂ ಗಾಡಿ ನಿಲ್ಲಿಸಿ, ಐದು ಲೀಟರ್ ಅಳತೆ ಪಾತ್ರೆ ತನ್ನಿ ಅಂತ ಕೇಳುವ ಹಕ್ಕು ನಮಗಿದೆ. 25 ಮಿಲಿಲೀಟರ್‌ಗಿಂತ ಜಾಸ್ತಿ ಕೊರತೆ ಬಿದ್ದರೆ ಅದು ಅಪರಾಧ. ಕೊಸರನ್ನು ಹೊಗಳುತ್ತಾ ಇದನ್ನು ಮರೆಯಬಾರದು. ತಕ್ಕಡಿಯ ತಟ್ಟೆಯ ತಳಕ್ಕೆ ಹುಣಸೆಹಣ್ಣು ಮೆತ್ತಿಟ್ಟವನು ಕೂಡ ಕೊನೆಗೆ ನಗುನಗುತ್ತಾ ಎರಡು ಮೆಣಸಿನಕಾಯಿ ಎಸೆಯುತ್ತಾನೆ.

ಇಂಗ್ಲೆಂಡಿನ ಬೇಕರಿಯವರ ಡಜನ್ ಅಂದರೆ ಹದಿಮೂರು. 1266ರ ಕಾನೂನಿನಲ್ಲಿ ತೂಕ ಕಮ್ಮಿ ಬ್ರೆಡ್ ಮಾರಿದವನಿಗೆ ದಂಡ, ಆಮೇಲೆ ಊರ ಮಧ್ಯೆ ಮರದ ಚೌಕಟ್ಟಿಗೆ ಬಿಗಿದು ನಿಲ್ಲಿಸುವ ಶಿಕ್ಷೆ. ಅದಕ್ಕೆ ಹೆದರಿ ಹದಿಮೂರನೆಯದನ್ನು ಸೇರಿಸತೊಡಗಿದರು ಅನ್ನುವುದು ಅಲ್ಲಿ ಎಲ್ಲರೂ ಹೇಳುವ ಕತೆ. ಭಯದ ಕೊಸರು. ನಮ್ಮ ಕಣದಲ್ಲಿ ಇದ್ದದ್ದು ಬೇರೆ ಥರದ್ದು. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ "ಒಂದು" ಅನ್ನುವುದಿಲ್ಲ, "ಲಾಭ" ಅನ್ನುತ್ತಾರೆ. ಲಾಭ, ಎರಡು, ಮೂರು... ಎಣಿಕೆ ಶುರುವಾಗುವ ಮೊದಲೇ ಕೊಸರು! ಮದುವೆ ಮನೆಗೆ ಹೋಗುವಾಗ ನೂರರ ಮೇಲೆ ಒಂದು, ಐನೂರರ ಮೇಲೆ ಒಂದು ಇಡುತ್ತೇವಲ್ಲ, ಅದೂ ಇದೇ ವಂಶದ್ದು. ಒಂದು ರೂಪಾಯಿ ನಾಣ್ಯ ಮೊದಲೇ ಅಂಟಿಸಿಟ್ಟ ಕವರುಗಳು ಸಿಗುತ್ತವೆ ಈಗ. ಕೊಸರು ರೆಡಿಮೇಡ್, ಅಸಲು ನೀವು ತುಂಬಿಕೊಳ್ಳಿ.

ಪಕ್ಕದ ಮನೆಯಿಂದ ಪಾಯಸ ಬಂದ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು ಅನ್ನುವ ನಿಯಮವಂತೂ ದೊಡ್ಡ ಸಾಮಾಜಿಕ ಯಂತ್ರ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆ ಹಾಕಿಯಾದರೂ ಕೊಡಬೇಕು. ಅವರು ಕೊಟ್ಟದ್ದಕ್ಕಿಂತ ಕೊಂಚ ಹೆಚ್ಚು ನಾವು, ನಾವು ಕೊಟ್ಟದ್ದಕ್ಕಿಂತ ಕೊಂಚ ಹೆಚ್ಚು ಅವರು. ಲೆಕ್ಕ ಎಂದಿಗೂ ಚುಕ್ತಾ ಆಗುವುದಿಲ್ಲ, ಹಾಗಾಗಿ ಪಾತ್ರೆ ಓಡಾಡುತ್ತಲೇ ಇರುತ್ತೆ. ನಮ್ಮ ಹಳೇ ಬಾಡಿಗೆ ಮನೆಯ ಎದುರಿನವರೊಬ್ಬರು ಒಮ್ಮೆ ಕಡ ಒಯ್ದ ಸಕ್ಕರೆಯನ್ನು ಅಂಗಡಿಯಿಂದ ಅಷ್ಟೇ ಕಟ್ಟಿಸಿ, ಚೀಟಿಯ ಸಮೇತ ತಂದುಕೊಟ್ಟರು. ತೂಕ ಸರಿಯಾಗಿತ್ತು. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. "ಮುಗೀತು ಅಂದ ಹಾಗಾಯ್ತಲ್ಲ" ಅಂತ.

ವ್ಯಾಪಾರಕ್ಕೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಜೆರ್ರಿ ಬರ್ಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ. ಕಪ್‌ಕೇಕ್ ಮಾರುವ ಮೇಜು. ಕೆಲವರಿಗೆ, ಒಂದು ಕೇಕು ಮತ್ತು ಎರಡು ಬಿಸ್ಕತ್ತು ಸೇರಿ 75 ಸೆಂಟ್ ಅಂದರು. ಇನ್ನು ಕೆಲವರಿಗೆ ಕೇಕಿಗೆ 75 ಸೆಂಟ್ ಅಂತ ಹೇಳಿ, ಒಂದು ಕ್ಷಣ ತಡೆದು, ಅದೇ ದುಡ್ಡಿಗೆ ಈ ಎರಡು ಬಿಸ್ಕತ್ತೂ ನಿಮಗೇ ಅಂದರು. ಮೊದಲ ಗುಂಪಿನಲ್ಲಿ ಕೊಂಡವರು ನೂರಕ್ಕೆ 40, ಎರಡನೆಯದರಲ್ಲಿ 73. ಸಾಮಾನು ಅದೇ, ದುಡ್ಡು ಅದೇ. ಹೂವಿನವಳು ದಾರವನ್ನು ಮೊದಲೇ ನಾಲ್ಕು ಬೆರಳು ಉದ್ದ ಅಳೆದರೆ ಅದು ಬರೀ ಉದ್ದದ ಮೊಳ. ಎರಡು ಮೊಳ ಮುಗಿಸಿ, ನಿಲ್ಲಿಸಿ, ಆಮೇಲೆ ಎಳೆದರೆ ಕೊಸರು. ಬರ್ಗರ್ ಕಪ್‌ಕೇಕಿನ ಮೇಜು ಹಾಕಿ ಕಂಡುಹಿಡಿದದ್ದನ್ನು ಆಕೆ ಗೊಣಗಾಟದ ಸಮೇತ ದಿನಾ ಪ್ರಯೋಗಿಸುತ್ತಿದ್ದಳು. ಗೊಣಗಾಟ ಯಾಕೆ ಮುಖ್ಯ ಅಂದರೆ, ಸುಲಭಕ್ಕೆ ಕೊಟ್ಟದ್ದು ಕಂಪನಿಯ ಆಫರ್ ಆಗಿಬಿಡುತ್ತೆ. ಶಾಂಪೂ ಬಾಟಲಿಯ ಮೇಲೆ 20% ಹೆಚ್ಚುವರಿ ಅಂತ ಬರೆದದ್ದು ನೋಡಿ ಯಾರಾದರೂ ಪುಳಕಗೊಂಡದ್ದುಂಟೇ?

2024ರ ಮೇ ತಿಂಗಳಲ್ಲಿ ಮುಂಬಯಿಯ ಒಬ್ಬರು, ಆ್ಯಪಿನಲ್ಲಿ ತರಕಾರಿ ತರಿಸಿದಾಗ ಕೊತ್ತಂಬರಿ ಸೊಪ್ಪಿಗೂ ದುಡ್ಡು ಕೊಡಬೇಕಾದದ್ದು ಕಂಡು ತಮ್ಮ ತಾಯಿಗೆ ಎದೆ ಒಡೆಯುವುದೊಂದು ಬಾಕಿ ಅಂತ ಬರೆದಿದ್ದರು. ಬ್ಲಿಂಕಿಟ್ ಕಂಪನಿಯ ಮುಖ್ಯಸ್ಥರು ಅದೇ ದಿನ ತರಕಾರಿ ಜೊತೆ ಕೊತ್ತಂಬರಿ ಉಚಿತ ಮಾಡಿದರು. ಸುದ್ದಿ ಓದಿ ನಕ್ಕೆ, ಆಮೇಲೆ ಒಮ್ಮೆ ನಾನೂ ತರಿಸಿದೆ. ಬಿಲ್ಲಿನಲ್ಲಿ ಕೊತ್ತಂಬರಿಯ ಎದುರು ಸೊನ್ನೆ ಅಂತ ಅಚ್ಚಾಗಿತ್ತು. ಸೊಪ್ಪಿನ ಗಾಡಿಯವನು ಕರಿಬೇವಿನ ಕಡ್ಡಿ ಮುರಿದು ಚೀಲದೊಳಗೆ ಎಸೆಯುವಾಗ ಅದನ್ನು ಎಲ್ಲೂ ಬರೆಯುವುದಿಲ್ಲ.

ಹೇಳುತ್ತಾ ಹೋದರೆ ಸೂರ್ಯ ಚಂದ್ರರ ವ್ಯವಹಾರದಲ್ಲೂ ಕೊಸರಿದೆ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಸಾಲದು. ಆ ಬಾಕಿಯನ್ನು 32-33 ತಿಂಗಳು ಕೂಡಿಟ್ಟು ನಮ್ಮ ಪಂಚಾಂಗದವರು ಒಂದು ಅಧಿಕ ಮಾಸ ಹಾಕುತ್ತಾರೆ. 2023ರಲ್ಲಿ ಶ್ರಾವಣ ಎರಡು ಸಲ ಬಂತು. ಹೆಚ್ಚುವರಿ ತಿಂಗಳು ಅಂತ ಅದರಲ್ಲಿ ಮದುವೆ ಮುಂಜಿ ಮಾಡುವುದಿಲ್ಲ, ಆದರೆ ಅಳಿಯನನ್ನು ಕರೆದು 33 ಅಪೂಪ, ಅಂದರೆ ಕಜ್ಜಾಯ, ಕೊಡುತ್ತೇವೆ. ರೋಮನ್ನರ ಜೂಲಿಯನ್ ಕ್ಯಾಲೆಂಡರು ವರ್ಷಕ್ಕೆ ಹನ್ನೊಂದು ನಿಮಿಷ ಜಾಸ್ತಿ ಕೊಸರು ಹಾಕುತ್ತಿತ್ತು. ಅದು ಸೇರಿ ಸೇರಿ 1582ರ ಹೊತ್ತಿಗೆ ಹತ್ತು ದಿನ ಆಗಿ, ಪೋಪ್ ಗ್ರೆಗರಿ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಅಂತ ಸಾರಬೇಕಾಯಿತು. ಹೀಗೆ ಕೊಟ್ಟರೆ ಕಣಜವೂ ಸಾಲದು ಅನ್ನುವ ಅಜ್ಜನ ಮಾತು ಪೂರ್ತಿ ಸುಳ್ಳಲ್ಲ. 1972ರಿಂದ 2016ರವರೆಗೆ ಭೂಮಿಯ ನಿಧಾನಕ್ಕೆ ಹೊಂದಿಸಿಕೊಳ್ಳಲು ಲೋಕದ ಗಡಿಯಾರಕ್ಕೆ 27 ಸಲ ಒಂದೊಂದು ಸೆಕೆಂಡ್ ಸೇರಿಸಿದ್ದಾರೆ. ಕಂಪ್ಯೂಟರುಗಳಿಗೆ ಇದರಿಂದ ಕಿರಿಕಿರಿ, 2035ರ ಹೊತ್ತಿಗೆ ನಿಲ್ಲಿಸೋಣ ಅಂತ ತೀರ್ಮಾನವಾಗಿದೆ.

ಹೋದ ವಾರ ಗಾಂಧಿ ಬಜಾರಿಗೆ ಹೋಗಿದ್ದೆ. ಆ ಎತ್ತರದ ಹೆಂಗಸಿನ ಜಾಗದಲ್ಲಿ ಅವಳ ಮಗಳು ಕೂರುತ್ತಾಳೆ, ಕೈ ಅಷ್ಟು ಉದ್ದವಿಲ್ಲ. ಬುಟ್ಟಿಗೆ ಕ್ಯೂಆರ್ ಕೋಡಿನ ಹಲಗೆ ಒರಗಿಸಿ, ಪಕ್ಕದಲ್ಲಿ ಮಾತಾಡುವ ಪೆಟ್ಟಿಗೆ ಇಟ್ಟಿದ್ದಾಳೆ. ಎರಡು ಮೊಳ ಕಾಕಡ ಅಳೆದು ಕತ್ತರಿಸಿ ಬಾಳೆ ಎಲೆಯಲ್ಲಿ ಸುತ್ತಿದಳು. ನಾನು ಕೊಸರು ಕೇಳಲಿಲ್ಲ, ಕೇಳುವುದಕ್ಕೆ ಅಮ್ಮನ ಗಂಟಲು ಬೇಕು. ಸ್ಕ್ಯಾನ್ ಮಾಡಿ ದುಡ್ಡು ಹಾಕಿದೆ. ಪೆಟ್ಟಿಗೆ ಗಟ್ಟಿಯಾಗಿ ಮೊತ್ತ ಹೇಳಿ ಸುಮ್ಮನಾಯಿತು. ಅವಳು ಎಲೆಯನ್ನು ಕೈಗೆ ಕೊಡಲು ಬಂದವಳು ತಡೆದು, ತಿರುಗಿ, ಗೊಣಗುತ್ತಾ, ಮರುಗದ ಒಂದು ಕುಡಿ ಮುರಿದು ಒಳಗೆ ತುರುಕಿದಳು.